ಲ್ಯಾಪ್‌ಟಾಪ್‌ಗೆ ದುಡ್ಡು ಕೊಟ್ಟು ಆಂಟಿವೈರಸ್ ಹಾಕಿಸಲೇಬೇಕಾ?

ಪ್ರಶ್ನೆ: ಹೊಸ ಲ್ಯಾಪ್‌ಟಾಪ್ ತಗೊಂಡಿದ್ದೇನೆ, ವಿಂಡೋಸ್ 11 ಇದೆ. ಆಂಟಿವೈರಸ್ ಇಲ್ಲದೆ ಬಳಸಲೇಬೇಡಿ ಅಂತಾರೆ ಅಂಗಡಿಯವರು. ಸುಮ್ನೆ ದುಡ್ಡು ದಂಡ ಅಂತಾರೆ ಗೆಳೆಯರು. ಯಾರ ಮಾತು ಕೇಳಲಿ?

ಉತ್ತರ: ಆಂಟಿವೈರಸ್ ಬೇಕೇ ಬೇಕು. ಆದರೆ ಅದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆಗಲೇ ಇದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಅನ್ನುವ ಆಂಟಿವೈರಸ್ ವಿಂಡೋಸ್ ಜೊತೆಗೇ ಬರುತ್ತದೆ. ಮನೆ ಬಳಕೆಗೆ ಅದು ಸಾಕು. ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಸೆಕ್ಯುರಿಟಿ ಅಂತ ಹುಡುಕಿ, ರಿಯಲ್ ಟೈಮ್ ಪ್ರೊಟೆಕ್ಷನ್ ಆನ್ ಆಗಿದೆಯಾ ನೋಡಿ. ಲ್ಯಾಪ್‌ಟಾಪ್ ಜೊತೆ ಬೇರೆ ಕಂಪನಿಯ ಟ್ರಯಲ್ ಆಂಟಿವೈರಸ್ ಬಂದಿದ್ದರೆ ಡಿಫೆಂಡರ್ ಪಕ್ಕಕ್ಕೆ ಸರಿದಿರುತ್ತದೆ. ಟ್ರಯಲ್ ಬೇಡ ಅನ್ನಿಸಿದರೆ ಅನ್‌ಇನ್‌ಸ್ಟಾಲ್ ಮಾಡಿ, ಡಿಫೆಂಡರ್ ವಾಪಸ್ ಬಂತಾ ಅಂತ ಅಲ್ಲೇ ಖಾತ್ರಿ ಮಾಡಿಕೊಳ್ಳಿ.

ನನಗೆ ಜಾಸ್ತಿ ಚಿಂತೆ ಇರುವುದು ಬೇರೆ ಕಡೆ. ನಮ್ಮಲ್ಲಿ ಎಷ್ಟೋ ಕಂಪ್ಯೂಟರ್‌ಗಳು ಕೆಡುವುದು ಆಂಟಿವೈರಸ್ ಇಲ್ಲದೆ ಅಲ್ಲ, ಇದ್ದದ್ದನ್ನು ನಾವೇ ಆಫ್ ಮಾಡಿ. ಫೋಟೋಶಾಪ್‌ನ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಬಳಸಲು ಬಿಡುವ ಕಳ್ಳ ಪ್ರತಿ, ಡೌನ್‌ಲೋಡ್ ಮಾಡಿದರೆ ಜೊತೆಗೊಂದು ಸೂಚನೆ ಇರುತ್ತದೆ: ‘ಮೊದಲು ಆಂಟಿವೈರಸ್ ಆಫ್ ಮಾಡಿ’. ಆಮೇಲೆ ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳೆಲ್ಲ ಯಾರದೋ ಕೈ ಸೇರಿದರೆ ಯಾವ ಕಂಪನಿಯನ್ನು ಬೈಯುವುದು?

ಇನ್ನೊಂದು, ಅಪ್‌ಡೇಟ್ ಮುಂದೂಡುವ ಅಭ್ಯಾಸ. ವಾನಾಕ್ರೈ ನೆನಪಿದೆ ಅಲ್ವಾ? 2017ರ ಮೇ 12ರಂದು ಜಗತ್ತಿನಾದ್ಯಂತ ಹರಡಿ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿದ ರಾನ್ಸಮ್‌ವೇರ್ ಅದು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಹೆಚ್ಚುಕಮ್ಮಿ ಎರಡು ತಿಂಗಳು ಸಮಯವಿತ್ತು. ಹಾಕಿಕೊಂಡವರ ಕಂಪ್ಯೂಟರ್‌ಗೆ ಆ ಕಿಂಡಿಯಿಂದ ಅದು ನುಗ್ಗಲು ಆಗಲಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅಂದರೆ ಇಂಥ ಕಿಂಡಿ ಮುಚ್ಚುವ ಅಪ್‌ಡೇಟ್‌ಗಳು ಅದಕ್ಕೆ ಮಾಮೂಲಿಯಾಗಿ ಬರುವುದು ನಿಂತಿದೆ. ಮನೆಯಲ್ಲಿ ಅಂಥ ಹಳೇ ಕಂಪ್ಯೂಟರ್ ಇದ್ದರೆ, ಎಷ್ಟು ದುಬಾರಿ ಆಂಟಿವೈರಸ್ ಹಾಕಿದರೂ ಈ ಕೊರತೆ ತುಂಬುವುದಿಲ್ಲ.

ಪೆನ್ ಡ್ರೈವ್ ವಿಷಯ ಹೇಳದೆ ಇರಲಾಗದು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಬಂದ ಮೇಲೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣಿಸಿದರೆ ಅವುಗಳ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ಕ್ಲಿಕ್ ಮಾಡಿದರೆ ವೈರಸ್ಸೂ ಓಡುತ್ತದೆ, ಫೋಲ್ಡರೂ ತೆರೆಯುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ನಿಮ್ಮ ಫೈಲ್‌ಗಳು ಸಾಮಾನ್ಯವಾಗಿ ಅಳಿಸಿಹೋಗಿರುವುದಿಲ್ಲ, ಅಡಗಿರುತ್ತವೆ ಅಷ್ಟೆ. ಮೊದಲು ಪೆನ್ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿಸಿ. ಆಮೇಲೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ಅಡಗಿಸಿದ ಫೈಲ್‌ಗಳನ್ನೂ ಸಿಸ್ಟಮ್ ಫೈಲ್‌ಗಳನ್ನೂ ತೋರಿಸುವಂತೆ ಬದಲಿಸಿ, ನಿಮ್ಮದನ್ನು ಕಾಪಿ ಮಾಡಿಕೊಳ್ಳಿ.

ಬೆಲೆಬಾಳುವ ಫೋಟೋ, ದಾಖಲೆಗಳ ಒಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿರಲಿ. ಕಾಪಿ ಆದ ಕೂಡಲೇ ಕೇಬಲ್ ತೆಗೆದಿಡಿ. ಸಿಕ್ಕಿಸಿಯೇ ಇಟ್ಟರೆ ರಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ.

ಹತ್ತಾರು ಕಂಪ್ಯೂಟರ್ ಇರುವ ಆಫೀಸು ನಡೆಸುತ್ತಿದ್ದರೆ ಮಾತ್ರ ದುಡ್ಡು ಕೊಟ್ಟು ಕೊಳ್ಳಿ ಅಂತೀನಿ. ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಅನುಕೂಲಕ್ಕೆ ಆ ಬೆಲೆ ಸರಿ. ಆದರೆ ಬ್ಯಾಂಕಿನವರು ಅಂತ ಫೋನ್ ಮಾಡಿದವರಿಗೆ ನೀವೇ ಎನಿಡೆಸ್ಕ್ (ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ಆ್ಯಪ್) ಹಾಕಿ ಸ್ಕ್ರೀನ್ ಬಿಟ್ಟುಕೊಟ್ಟರೆ ಯಾವ ಆಂಟಿವೈರಸ್ಸನ್ನೂ ನಂಬಿ ಕೂರಬೇಡಿ. ಹಾಗೇನಾದರೂ ಆದರೆ ಮೊದಲು ಇಂಟರ್ನೆಟ್ ಕಟ್ ಮಾಡಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ದಾಟಿಬಿಡುತ್ತದೆ.