ಸ್ಟೋಲನ್ ಗಟ್ಟಿ, ಪ್ಯಾನೆಟೋನೆ ಹತ್ತಿಯಂತೆ ಹಗುರ: ಯಾಕೆ?

ಓದುಗರ ಪ್ರಶ್ನೆ: ಜರ್ಮನಿಯ ಸ್ಟೋಲನ್, ಇಟಲಿಯ ಪ್ಯಾನೆಟೋನೆ ಎರಡೂ ಒಣದ್ರಾಕ್ಷಿ, ಬೆಣ್ಣೆ ಹಾಕಿದ ಕ್ರಿಸ್‌ಮಸ್ ತಿನಿಸುಗಳೇ. ಒಂದು ಅಷ್ಟು ಗಟ್ಟಿ, ಇನ್ನೊಂದು ಅಷ್ಟು ಹಗುರ ಆಗುವುದು ಹೇಗೆ? ಸ್ಟೋಲನ್‌ಗೆ ಬೆಣ್ಣೆ ಜಾಸ್ತಿ ಅಂತಲೇ?

ಉತ್ತರ: ಅಲ್ಲ, ಬೆಣ್ಣೆ ಹೆಚ್ಚುಕಡಿಮೆ ಒಂದೇ. ಜರ್ಮನಿಯ ಡ್ರೆಸ್ಡೆನ್ ನಗರದ ಸ್ಟೋಲನ್‌ನ ನಿಯಮದ ಪ್ರಕಾರ 100 ಭಾಗ ಮೈದಾಕ್ಕೆ ಕನಿಷ್ಠ 50 ಭಾಗ ಬೆಣ್ಣೆ, 65 ಭಾಗ ಒಣದ್ರಾಕ್ಷಿ, 20 ಭಾಗ ಸಕ್ಕರೆಪಾಕದಲ್ಲಿ ಹದಮಾಡಿದ ಕಿತ್ತಳೆ-ನಿಂಬೆ ಸಿಪ್ಪೆ, 15 ಭಾಗ ಬಾದಾಮಿ ಇರಬೇಕು. ಇಟಲಿಯ 2005ರ ಕಾನೂನು ಪ್ಯಾನೆಟೋನೆಗೆ ಶೇ. 16 ಬೆಣ್ಣೆಯ ಕೊಬ್ಬು ಸಾಕು ಎನ್ನುತ್ತದೆ. ಆದರೆ ಈ ಲೆಕ್ಕ ಮೈದಾದ ತೂಕದ ಮೇಲಿನದಲ್ಲ, ಇಡೀ ತಿನಿಸಿನ ಮೇಲಿನದು. ಮೈದಾಕ್ಕೆ ಹೋಲಿಸಿದರೆ ಪ್ಯಾನೆಟೋನೆಗೂ ಕಿಲೋಗೆ 400ರಿಂದ 500 ಗ್ರಾಂ ಬೆಣ್ಣೆ ಬೀಳುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ.

ವ್ಯತ್ಯಾಸವಿರುವುದು ಆ ಬೆಣ್ಣೆಯ ಭಾರ ಹೊರುವ ಬಲೆಯಲ್ಲಿ, ಅಂದರೆ ಹಿಟ್ಟಿನ ಪ್ರೋಟೀನು ನೀರು ಸೇರಿ ನಾದಿದಾಗ ಹೆಣೆದುಕೊಳ್ಳುವ ಗ್ಲುಟೆನ್‌ನಲ್ಲಿ. ಪ್ಯಾನೆಟೋನೆಗೆ 13 ಶೇಕಡಾಕ್ಕಿಂತ ಹೆಚ್ಚು ಪ್ರೋಟೀನಿನ ಹಿಟ್ಟು, ಧಾರಾಳ ನೀರು, ಬಹಳಷ್ಟು ಮೊಟ್ಟೆಯ ಹಳದಿ ಬೇಕು. ಮೊದಲ ಕಣಕ ಹುಳಿಹಿಟ್ಟಿನ (ಹುದುಗು ಬರಿಸಿ ಸಾಕಿಕೊಂಡ ಹಿಟ್ಟಿನ) ಬಲದಲ್ಲಿ 26-28 ಡಿಗ್ರಿಯಲ್ಲಿ 10-12 ಗಂಟೆ ಕೂತು ಮೂರು ಪಟ್ಟಾಗಬೇಕು. ಎರಡು ಪಟ್ಟಾದಾಗಲೇ ಅವಸರ ಮಾಡಿದರೆ ಮುಂದೆ ಏರುವುದಿಲ್ಲ. ಆಮೇಲೆ ಉಳಿದ ಹಿಟ್ಟು, ಹಳದಿ, ಬೆಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಎಳೆದರೆ ತೆಳು ಪರದೆಯಂತೆ ಹಿಗ್ಗುವ ತನಕ ನಾದಬೇಕು. ನಾದುವಾಗ ಕಣಕದ ಬಿಸಿ ಜಾಸ್ತಿಯಾದರೆ ಬೆಣ್ಣೆ ಕರಗಿ ಹೊರಬರುತ್ತದೆ, ಕಣಕ ಜಿಡ್ಡಾಗಿ ಹರಿಯುತ್ತದೆ. ಒಮ್ಮೆ ಹಾಗಾದರೆ ಸರಿಪಡಿಸುವುದು ಕಷ್ಟ. ಹಣ್ಣು ಕೊನೆಗೆ.

ಒಂದು ಕಿಲೋದ್ದನ್ನು ಕಾಗದದ ಅಚ್ಚಿನಲ್ಲಿ 165-170 ಡಿಗ್ರಿಯಲ್ಲಿ ಸುಮಾರು 50 ನಿಮಿಷ, ಒಳಗಿನ ಬಿಸಿ 94 ಡಿಗ್ರಿ ಮುಟ್ಟುವ ತನಕ ಬೇಯಿಸಬೇಕು. ತೆಗೆದ ಕೂಡಲೇ ತಳಕ್ಕೆ ಎರಡು ಕಡ್ಡಿ ಚುಚ್ಚಿ 8 ಗಂಟೆಗೂ ಹೆಚ್ಚು ತಲೆಕೆಳಗಾಗಿ ತೂಗುಹಾಕಬೇಕು. ನೋಡುವವರಿಗೆ ತಮಾಷೆ ಎನ್ನಿಸಬಹುದು. ಆದರೆ ಬಿಸಿಯಲ್ಲಿ ಆ ಬಲೆ ತನ್ನ ಭಾರ ತಾನೇ ಹೊರಲಾರದು, ನೆಟ್ಟಗೆ ಇಟ್ಟರೆ ನಡು ಕುಸಿಯುತ್ತದೆ.

ಸ್ಟೋಲನ್‌ಗೆ ಈ ಬಲೆಯೇ ಬೇಡ. ಅಚ್ಚಿಲ್ಲದೆ ಕೈಯಲ್ಲೇ ರೂಪ ಕೊಡುವ ಕಣಕ ಅದು, ಹಾಲು ಕಡಿಮೆ. ಮೇಲಿನ ಪ್ರಮಾಣದಂತೆ 500 ಗ್ರಾಂ ಮೈದಾಕ್ಕೆ 250 ಗ್ರಾಂ ಬೆಣ್ಣೆ, ಸುಮಾರು 150 ಮಿ.ಲೀ. ಹಾಲು, 10 ಗ್ರಾಂ ಒಣ ಯೀಸ್ಟ್, 60 ಗ್ರಾಂ ಸಕ್ಕರೆ. ಎಲ್ಲವನ್ನೂ ಒಟ್ಟಿಗೆ ಕಲಸಿದರೆ ಬೆಣ್ಣೆಯ ನಡುವೆ ಯೀಸ್ಟ್ ಮಂಕಾಗುತ್ತದೆ. ಮೊದಲು ಮೂರನೇ ಒಂದು ಭಾಗ ಮೈದಾವನ್ನು ಹಾಲು, ಯೀಸ್ಟ್ ಜೊತೆ ಕಲಸಿ ಅರ್ಧ ಗಂಟೆ ಉಬ್ಬಲು ಬಿಡಿ. ಹಿಂದಿನ ರಾತ್ರಿ ರಮ್ಮಿನಲ್ಲಿ ನೆನೆಸಿದ ದ್ರಾಕ್ಷಿಯನ್ನು ಚೆನ್ನಾಗಿ ಬಸಿದು ಕೊನೆಗೆ ಹಗುರವಾಗಿ ಸೇರಿಸಿ. ಜೋರಾಗಿ ನಾದಿದರೆ ಹಣ್ಣು ಒಡೆದು ಕಣಕ ಕಂದಾಗುತ್ತದೆ. ಎರಡು ಭಾಗ ಮಾಡಿ 175 ಡಿಗ್ರಿಯಲ್ಲಿ 40-45 ನಿಮಿಷ ಬೇಯಿಸಿ. ಮೇಲೆ ಇಣುಕುವ ದ್ರಾಕ್ಷಿಗಳನ್ನು ಒಲೆಗಿಡುವ ಮುಂಚೆಯೇ ಕಿತ್ತುಬಿಡಿ, ಸುಟ್ಟರೆ ಕಹಿ.

ಬಿಸಿ ಇರುವಾಗಲೇ ಕರಗಿದ ಬೆಣ್ಣೆ ಎರಡು ಸಲ ಸವರಿ ಸಕ್ಕರೆ ಉದುರಿಸಿ. ಪುಡಿ ಸಕ್ಕರೆ ಮಾತ್ರ ಪೂರ್ತಿ ಆರಿದ ಮೇಲೆ, ಇಲ್ಲವಾದರೆ ಕರಗಿ ಅಂಟಾಗುತ್ತದೆ. ಸುತ್ತಿ ತಂಪಿನ ಜಾಗದಲ್ಲಿ ಎರಡು-ಮೂರು ವಾರ ಇಟ್ಟರೆ ಹಣ್ಣಿನ ತೇವ ಕಣಕಕ್ಕೆ ಇಳಿಯುತ್ತದೆ. ಮೊದಲ ದಿನ ಕತ್ತರಿಸಿ "ಒಣಗಿದೆ" ಎನ್ನುವುದು ಅವಸರದ ತೀರ್ಪು.

ಅಂದಹಾಗೆ, ಸ್ಟೋಲನ್‌ನಲ್ಲಿ ಬೆಣ್ಣೆ ಮೊದಲಿನಿಂದಲೂ ಇರಲಿಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಅದು ನಿಷಿದ್ಧವಾಗಿದ್ದರಿಂದ ಎಣ್ಣೆ ಹಾಕುತ್ತಿದ್ದರು. ಡ್ರೆಸ್ಡೆನ್ ಇರುವ ಸ್ಯಾಕ್ಸನಿ ಪ್ರಾಂತ್ಯಕ್ಕೆ ಬೆಣ್ಣೆಯ ಅನುಮತಿ ಕೊಟ್ಟದ್ದು ಪೋಪ್ ಎಂಟನೇ ಇನೊಸೆಂಟ್, 1491ರಲ್ಲಿ.

ಇಟಲಿಯೊಳಗೂ ಕ್ರಿಸ್‌ಮಸ್ ತಿನಿಸು ಊರಿಗೊಂದು ಬಗೆ. ವೆರೋನಾದ ಪ್ಯಾಂಡೋರೋಗೆ ಹಣ್ಣೇ ಇಲ್ಲ, ಎಂಟು ಮೂಲೆಯ ನಕ್ಷತ್ರದ ಅಚ್ಚು. ಜಿನೋವಾದ ಕುಳ್ಳು ಪ್ಯಾಂಡೋಲ್ಚೆ ಬೇಕಿಂಗ್ ಪೌಡರಿನಲ್ಲೇ ಆಗುತ್ತದೆ, ಬಿಸ್ಕತ್ತಿನಂತೆ ಪುಡಿಪುಡಿ. ಹುಳಿಹಿಟ್ಟು ಸಾಕಿಕೊಂಡಿಲ್ಲದವರು ಪ್ಯಾನೆಟೋನೆಗೆ ಕೈಹಾಕುವ ಬದಲು ಇದರಿಂದ ಶುರುಮಾಡುವುದೇ ಮೇಲು.