ಲಿಲಿಪಾಂಡ್‌ನಲ್ಲಿ ಸಾಲು ಮುರಿಯದೆ ಪುಟದಾಚೆ ಓಡಿದರೆ: ಬಾರ್ ಚೆಕ್ ಓದುವ ಬಗೆ

(ಲಿಲಿಪಾಂಡ್ ಎಂದರೆ ಟೈಪ್ ಮಾಡಿದ ಆಜ್ಞೆಗಳಿಂದ ಪಾಶ್ಚಾತ್ಯ ಸ್ವರಲಿಪಿಯ ಪುಟ ಮಾಡಿಕೊಡುವ ತಂತ್ರಾಂಶ. ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಫೈಲಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.)

ಪಿಡಿಎಫ್ ತೆರೆದರೆ ಸ್ವರಗಳೆಲ್ಲ ಒಂದೇ ಸಾಲಿನಲ್ಲಿ ಕಿಕ್ಕಿರಿದು ಬಲ ಅಂಚು ದಾಟಿ ಹೋಗಿರುತ್ತವೆ. ಕೈ ಮೊದಲು ಹೋಗುವುದು ಪೇಪರ್ ಸೈಜ್, ಮಾರ್ಜಿನ್ ಕಡೆಗೆ. ತಪ್ಪು ಸಾಮಾನ್ಯವಾಗಿ ಅಲ್ಲಿರುವುದಿಲ್ಲ. 2.24ಕ್ಕಿಂತ ಹಳೆಯ ಆವೃತ್ತಿಗಳಲ್ಲಿ \ಬ್ರೇಕ್ (ಇಲ್ಲಿ ಸಾಲು ಮುರಿ ಎಂಬ ಆಜ್ಞೆ) ಹಾಕಿದರೂ ಸಾಲು ಮುರಿಯುತ್ತಿರಲಿಲ್ಲ. ಬಲವಂತದ ಬ್ರೇಕ್ ಅನ್ನು ಬೇರೇನೋ ತಡೆದಿದೆ, ಬಾರ್ ಚೆಕ್ ಬಳಸಬೇಕಿತ್ತೇ ಎಂಬರ್ಥದ ಎಚ್ಚರಿಕೆ ಲಾಗ್‌ನಲ್ಲಿ (ಕಂಪೈಲ್ ಮಾಡಿದಾಗ ಬರುವ ಸಂದೇಶಗಳಲ್ಲಿ) ಬರುತ್ತಿತ್ತು. ಇಡೀ ಉತ್ತರ ಆ ಪ್ರಶ್ನೆಯಲ್ಲೇ ಇದೆ.

ಲಿಲಿಪಾಂಡ್ ತಾನಾಗಿ ಸಾಲು ಮುರಿಯುವುದು ಬಾರ್ ಗೆರೆಯಲ್ಲಿ (ಬಾರ್, ಅಂದರೆ ತಾಳದ ಒಂದು ಪೂರ್ಣ ಅಳತೆ, ಮುಗಿಯುವಲ್ಲಿ ಬರುವ ಲಂಬ ಗೆರೆಯಲ್ಲಿ) ಮಾತ್ರ. ಒಂದು ಸ್ವರ ಆ ಗೆರೆಯ ಆಚೆಗೂ ನುಡಿಯುತ್ತಿದ್ದರೆ ಅಲ್ಲಿ ಮುರಿಯಲು ಬಿಡುವುದಿಲ್ಲ. ಎಲ್ಲೋ ಒಂದು ಕಡೆ ಅವಧಿ ಎಂಟನೇ ಒಂದರಷ್ಟು ತಪ್ಪಿದರೆ ಮುಂದಿನದೆಲ್ಲ ಅಷ್ಟೇ ಸರಿಯುತ್ತದೆ, ಉದ್ದ ಸ್ವರಗಳು ಒಂದೊಂದಾಗಿ ಗೆರೆ ದಾಟುತ್ತವೆ, ಮುರಿಯಲು ಜಾಗವೇ ಉಳಿಯುವುದಿಲ್ಲ.

ಆದ್ದರಿಂದ ಒಂದು ಬಾರ್‌ಗೆ ಒಂದು ಸಾಲು, ಪ್ರತಿ ಸಾಲಿನ ಕೊನೆಗೆ | ಚಿಹ್ನೆ. ಇದು ಬಾರ್ ಗೆರೆ ಎಳೆಯುವ ಆಜ್ಞೆಯಲ್ಲ, “ಇಲ್ಲಿಗೆ ಬಾರ್ ಮುಗಿಯಿತು ತಾನೇ?” ಎಂದು ಕೇಳುವ ಪರೀಕ್ಷೆ.

ಎಚ್ಚರಿಕೆಯಲ್ಲಿರುವ ಸಂಖ್ಯೆ

ಎಲ್ಲರೂ ಎಡವುವುದು ಇಲ್ಲೇ. “ಬಾರ್‌ಚೆಕ್ ಫೇಲ್ಡ್ ಆ್ಯಟ್: 7/8” ಎಂದರೆ 7/8 ಕಡಿಮೆ ಎಂದೂ ಅಲ್ಲ, 7/8 ಹೆಚ್ಚು ಎಂದೂ ಅಲ್ಲ. | ಬಂದ ಕ್ಷಣದಲ್ಲಿ ನೀವು ಬಾರ್‌ನೊಳಗೆ ಎಲ್ಲಿದ್ದಿರಿ ಎಂಬುದನ್ನು ಅದು ಹೇಳುತ್ತದೆ. ಎಲ್ಲ ಸರಿಯಿದ್ದರೆ ಆ ಸ್ಥಾನ 0.

4/4ರಲ್ಲಿ (ಬಾರ್‌ಗೆ ನಾಲ್ಕು ಕ್ವಾರ್ಟರ್, ಅಂದರೆ ಕಾಲು ಸ್ವರ) ಹೀಗೆ ಬರೆದಿದೆ ಎನ್ನಿ. ಸ್ವರದ ಮುಂದಿನ ಅಂಕಿ ಅವಧಿ: 4 ಎಂದರೆ 1/4, 8 ಎಂದರೆ 1/8.

ಸಿ4 ಡಿ ಇ8 ಎಫ್ ಜಿ |

ಕೊನೆಯ ಜಿ ಕ್ವಾರ್ಟರ್ ನೋಟ್ ಆಗಬೇಕಿತ್ತು. ಆದರೆ ಅಂಕಿ ಇಲ್ಲದ ಸ್ವರ ಹಿಂದಿನದರ ಅವಧಿಯನ್ನೇ ಹೊತ್ತುಕೊಳ್ಳುತ್ತದೆ, ಹಾಗಾಗಿ ಅದೂ 8. ಕೂಡಿಸಿ: 2/8 + 2/8 + 1/8 + 1/8 + 1/8 = 7/8. ಬಾರ್ ತುಂಬಲು ಇನ್ನೂ 1/8 ಬೇಕು. ಜಿ4 ಎಂದು ತಿದ್ದಿದರೆ ಮುಗಿಯಿತು. ಅವಧಿಯನ್ನು ಒಂದೂವರೆಪಟ್ಟು ಮಾಡುವ ಚುಕ್ಕಿಯೂ ಹೀಗೆಯೇ ಮುಂದಕ್ಕೆ ಹರಿಯುತ್ತದೆ: ಸಿ4. ನಂತರ ಬರಿಯ ಡಿ ಬರೆದರೆ ಡಿ ಕೂಡ ಚುಕ್ಕಿಯ ಕ್ವಾರ್ಟರ್.

ಸಂಖ್ಯೆ ಬಾರ್‌ನ ಪೂರ್ಣ ಅಳತೆಗೆ ಹತ್ತಿರವಿದ್ದರೆ ಬಹುತೇಕ ಕೊರತೆ: ಪೂರ್ಣದಿಂದ ಕಳೆಯಿರಿ. ಸೊನ್ನೆಗೆ ಹತ್ತಿರವಿದ್ದರೆ ಬಹುತೇಕ ಹೆಚ್ಚುವರಿ: ಅದೇ ಸಂಖ್ಯೆಯಷ್ಟು ಹೆಚ್ಚಾಗಿದೆ. 3/4 ತಾಳದಲ್ಲಿ 5/8 ಬಂದರೆ 1/8 ಕೊರತೆ. 6/8ರಲ್ಲಿ 1/8 ಬಂದರೆ ಒಂದು ಎಂಟನೇ ಸ್ವರ ಜಾಸ್ತಿ. 4/4ರಲ್ಲಿ 1/2 ಬಂದರೆ ಎರಡೂ ಸಾಧ್ಯ, ಬೆರಳೆಣಿಸದೆ ಗತಿಯಿಲ್ಲ.

ಇನ್ನೊಂದು ಬಲೆ: ಅದೇ ಸಂಖ್ಯೆ ಮುಂದಿನ ಬಾರ್‌ಗಳಲ್ಲೂ ಮುಂದುವರಿದರೆ ಎಚ್ಚರಿಕೆ ಮತ್ತೆ ಬರುವುದಿಲ್ಲ. ಲಾಗ್‌ನಲ್ಲಿ ಒಂದೇ ಸಾಲು, ಪುಟದಲ್ಲಿ ಇಪ್ಪತ್ತು ಬಾರ್ ಹಾಳು. ಎಚ್ಚರಿಕೆಗಳು ಹಲವಿದ್ದರೆ ಮೊದಲನೆಯದನ್ನು ಮಾತ್ರ ತಿದ್ದಿ, ಮತ್ತೆ ಕಂಪೈಲ್ ಮಾಡಿ. ಉಳಿದವು ಎಷ್ಟೋ ಸಲ ತಾವಾಗಿಯೇ ಮಾಯವಾಗುತ್ತವೆ.

ಬೇರೆ ಮೂಲಗಳು

ಮೊಟ್ಟಮೊದಲ ಚೆಕ್ಕೇ ಸೋತರೆ ಪಿಕಪ್ (ಮೊದಲ ಪೂರ್ಣ ಬಾರ್‌ಗೆ ಮುಂಚೆ ಬರುವ ಅಪೂರ್ಣ ಬಾರ್) ನೆನಪಿಸಿಕೊಳ್ಳಿ. ಒಂದು ಕ್ವಾರ್ಟರ್ ಪಿಕಪ್‌ಗೆ ಆರಂಭದಲ್ಲಿ \ಪಾರ್ಷಿಯಲ್ 4 ಬೇಕು, ಮೂರು ಎಂಟನೆಯವಕ್ಕೆ \ಪಾರ್ಷಿಯಲ್ 4. (ಚುಕ್ಕಿ ಸಮೇತ). ಪೂರ್ಣ ಬಾರ್ ವಿರಾಮಕ್ಕೆ ದೊಡ್ಡ ಆರ್ ಬಳಸುವಾಗ 3/4ರಲ್ಲಿ ಆರ್2. ಎಂದಿರಬೇಕು, ಅಭ್ಯಾಸಬಲದಿಂದ ಆರ್1 ಬರೆದರೆ 1/4 ಹೆಚ್ಚಾಯಿತು.

ಎರಡು ಸ್ಟಾಫ್ (ಸ್ವರ ಬರೆಯುವ ಐದು ಗೆರೆಗಳ ಪಟ್ಟಿ) ಇದ್ದಾಗ ಬಲಗೈ ಪರಿಶುದ್ಧವಾಗಿದ್ದರೂ ಎಡಗೈಯ ಒಂದು ಸ್ವರ ಗೆರೆ ದಾಟಿದರೆ ಅಲ್ಲಿ ಎರಡಕ್ಕೂ ಮುರಿತವಿಲ್ಲ. ಒಂದೊಂದು ಧ್ವನಿಯನ್ನೂ ಬೇರೆಯಾಗಿ ಕಂಪೈಲ್ ಮಾಡಿ ನೋಡುವುದು ವೇಗದ ದಾರಿ.

ಬೇಕೆಂದೇ ಗೆರೆ ದಾಟಿಸಿದ್ದರೆ

ಉದ್ದ ಸ್ವರವನ್ನು ~ (ಎರಡನ್ನೂ ಒಂದೇ ಸ್ವರವಾಗಿ ಬೆಸೆಯುವ ಟೈ) ಹಾಕಿ ಎರಡಾಗಿ ಬರೆಯಿರಿ. ಅಂಥವು ತುಂಬ ಇದ್ದರೆ ವಾಯ್ಸ್ ಕಾಂಟೆಕ್ಸ್ಟ್‌ನಲ್ಲಿ ನೋಟ್ ಹೆಡ್ಸ್ ಎಂಗ್ರೇವರ್ (ಎಂಗ್ರೇವರ್ ಎಂದರೆ ಒಂದೊಂದು ಕೆಲಸ ನೋಡಿಕೊಳ್ಳುವ ಲಿಲಿಪಾಂಡ್‌ನ ಒಳಭಾಗ) ತೆಗೆದು ಕಂಪ್ಲೀಷನ್ ಹೆಡ್ಸ್ ಎಂಗ್ರೇವರ್ ಸೇರಿಸಿ, ಅದೇ ಕತ್ತರಿಸಿ ಟೈ ಹಾಕುತ್ತದೆ. ಬೀಮ್ (ಚಿಕ್ಕ ಸ್ವರಗಳನ್ನು ಜೋಡಿಸುವ ದಪ್ಪ ಪಟ್ಟಿ) ಬಾರ್ ಗೆರೆ ದಾಟಿದ್ದರೆ ಬೀಮ್‌ನ ಬ್ರೇಕಬಲ್ ಗುಣವನ್ನು ##ಟಿ ಮಾಡಿ. \ಕೆಡೆಂಜಾ‌ಆನ್ (ತಾಳದ ಲೆಕ್ಕ ನಿಲ್ಲಿಸುವ ಆಜ್ಞೆ) ಇದ್ದಲ್ಲಿ ಬಾರ್ ಗೆರೆಗಳೇ ಇರುವುದಿಲ್ಲ. ಮುರಿಯಬೇಕಾದ ಜಾಗದಲ್ಲಿ \ಬಾರ್ "" ಎಂದು ಕಾಣದ ಗೆರೆ ಕೊಡಿ.

ಸ್ವರ ನುಡಿಯುತ್ತಿರುವಾಗ ಮುರಿತ ತಡೆಯುವ ಫರ್ಬಿಡ್ ಲೈನ್ ಬ್ರೇಕ್ ಎಂಗ್ರೇವರ್ ಅನ್ನೇ ತೆಗೆದುಹಾಕಿದರೆ ಸಾಲು ಮುರಿಯುತ್ತದೆ, ನಿಜ. ಆದರೆ ಲಾಗ್ ಸ್ವಚ್ಛವಾಗುವ ಮೊದಲು ಅದನ್ನು ಮುಟ್ಟಬೇಡಿ. ಲೆಕ್ಕದ ತಪ್ಪು ಹಾಗೇ ಉಳಿದು, ಪುಟ ಮಾತ್ರ ನೀಟಾಗಿ ಕಾಣುತ್ತದೆ.

ಬಾರ್ ಚೆಕ್ ಹಿಡಿಯಲಾಗದ ತಪ್ಪು ಒಂದಿದೆ: ಒಂದು ಇಡೀ ಬಾರ್ ಬಿಟ್ಟುಹೋಗುವುದು. ಅದಕ್ಕೆ ಎಂಟು ಬಾರ್‌ಗೊಮ್ಮೆ \ಬಾರ್‌ನಂಬರ್‌ಚೆಕ್ #9, ಆಮೇಲೆ #17, ಹೀಗೆ ಹಾಕುತ್ತಾ ಹೋಗಿ. ಎಣಿಕೆ ತಪ್ಪಿದರೆ ಅದು ಎಚ್ಚರಿಸುತ್ತದೆ, ಹುಡುಕಬೇಕಾದದ್ದು ಆ ಎಂಟು ಬಾರ್‌ಗಳೊಳಗೆ ಮಾತ್ರ.