ಮೋತಿಬಿಂದು ಆಪರೇಷನ್: ಅವರಿಗೆ ಹನಿ, ನಮ್ಮಪ್ಪನಿಗೆ ಯಾಕೆ ಸೂಜಿ?

ಪ್ರಶ್ನೆ: ನಮ್ಮದು ಆಳಂದ ತಾಲೂಕಿನ ಹಳ್ಳಿ. ಅಪ್ಪನಿಗೆ 71 ವರ್ಷ, ಎಡಗಣ್ಣಿಗೆ ಮೋತಿಬಿಂದು. ಕಲಬುರಗಿಯ ಡಾಕ್ಟರ್ ಸೂಜಿ ಕೊಟ್ಟು ಆಪರೇಷನ್ ಮಾಡೋಣ ಅಂದಿದ್ದಾರೆ. ನಮ್ಮ ಓಣಿಯ ಒಬ್ಬರಿಗೆ ಹೋದ ತಿಂಗಳು ಬರೀ ಹನಿ ಹಾಕಿ ಮಾಡಿದರಂತೆ. ಸೂಜಿ ಅಂದ ಕೂಡಲೇ ಅಪ್ಪ ಬೇಡವೇ ಬೇಡ ಅಂತ ಕೂತಿದ್ದಾರೆ. ಹನಿಯಲ್ಲೇ ಮಾಡಿ ಅಂತ ಕೇಳಬಹುದಾ?

ಕೇಳಬಹುದು, ಕೇಳಲೇಬೇಕು. ಆದರೆ ಅದಕ್ಕೂ ಮೊದಲು ಅಪ್ಪನಿಗೆ ಒಂದು ಮಾತು ಹೇಳಿ. ಆ ಸೂಜಿ ಕಣ್ಣಿನೊಳಗೆ ಹೋಗುವುದಿಲ್ಲ.

ಕಣ್ಣುಗುಡ್ಡೆ ಎಲುಬಿನ ಗೂಡಿನಲ್ಲಿ ಕೂತಿರುತ್ತದೆ. ಗುಡ್ಡೆಗೂ ಎಲುಬಿಗೂ ನಡುವೆ ಕೊಬ್ಬು ತುಂಬಿದ ಸಂದು ಇದೆ. ಕೆಳರೆಪ್ಪೆಯ ಅಂಚಿನ ಹತ್ತಿರ ಸಣ್ಣ ಸೂಜಿ ಹಾಕಿ ಆ ಸಂದಿನಲ್ಲಿ ಔಷಧಿ ಬಿಡುತ್ತಾರೆ. ಔಷಧಿ ಒಳಗೆ ಇಳಿಯುವಾಗ ಉರಿಯುತ್ತದೆ, ಒತ್ತಿದ ಹಾಗೆ ಆಗುತ್ತದೆ. ಅದು ಸುಳ್ಳಲ್ಲ. ಆಮೇಲೆ ಔಷಧಿ ಹರಡಲಿ ಅಂತ ಕಣ್ಣಿನ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯುತ್ತಾರೆ. ನಂತರ ಕಣ್ಣು ಜೋಮು ಹಿಡಿಯುತ್ತದೆ, ರೆಪ್ಪೆ ಏಳುವುದಿಲ್ಲ, ಗುಡ್ಡೆ ಅತ್ತಿತ್ತ ಹೊರಳುವುದಿಲ್ಲ. ಅಂದ ಹಾಗೆ, ಕಣ್ಣು ಕಿತ್ತು ತಟ್ಟೆಯಲ್ಲಿಟ್ಟು ತೊಳೆದು ಮತ್ತೆ ಕೂಡಿಸುತ್ತಾರೆ ಅನ್ನುವ ಕಥೆ ನಮ್ಮ ಕಡೆ ಕಟ್ಟೆಕಟ್ಟೆಯಲ್ಲೂ ಕೇಳಿಬರುತ್ತದೆ. ಅಪ್ಪನ ಭಯದ ಬೇರು ಅಲ್ಲಿದೆಯಾ ಅಂತಲೂ ಕೇಳಿ ನೋಡಿ. ಕಣ್ಣು ತನ್ನ ಜಾಗ ಬಿಟ್ಟು ಕದಲುವುದಿಲ್ಲ.

ಹನಿಯ ಕೆಲಸ ಬೇರೆ ರೀತಿಯದು. ಅದು ಕಣ್ಣಿನ ಹೊರಮೈಯನ್ನಷ್ಟೇ ಮರಗಟ್ಟಿಸುತ್ತದೆ. ಕಣ್ಣು ಹೊರಳುತ್ತಲೇ ಇರುತ್ತದೆ, ಎದುರಿನ ಬೆಳಕು ಕಾಣುತ್ತಲೇ ಇರುತ್ತದೆ. ಒಳಗೆ ಲೆನ್ಸ್ ಕೂಡಿಸುವಾಗ ಒತ್ತಡ, ಮಂದ ನೋವು ಗೊತ್ತಾಗಬಹುದು. ಅದಕ್ಕೇ ಬಹಳ ಡಾಕ್ಟರ್‌ಗಳು ಕಣ್ಣಿನೊಳಗೂ ಸ್ವಲ್ಪ ಲಿಗ್ನೊಕೇನ್ ಅನ್ನುವ ಮರಗಟ್ಟಿಸುವ ಔಷಧಿ ಬಿಡುತ್ತಾರೆ. ಹನಿಯ ಲಾಭ ಏನೆಂದರೆ ಚುಚ್ಚುವುದಿಲ್ಲ, ಗುಡ್ಡೆಯ ಹಿಂದೆ ರಕ್ತ ಕಟ್ಟುವ ಅಪಾಯವಿಲ್ಲ, ಎಷ್ಟೋ ಸಲ ಪಟ್ಟಿಯೂ ಇಲ್ಲದೆ ಮನೆಗೆ ಬರಬಹುದು. ಸೂಜಿ ಕೊಟ್ಟರೆ ಕೆಲವು ಗಂಟೆ ಕಣ್ಣು ಮುಚ್ಚಿಯೇ ಇರಬೇಕು. ಬೇಗ ತೆರೆದರೆ ಒಂದು ಎರಡಾಗಿ ಕಾಣುತ್ತದೆ.

ಹನಿ ಹೊಸದು, ಸೂಜಿ ಹಳೇದು ಅನ್ನುವ ಮಾತೂ ಇದೆ. ವಿಯೆನ್ನಾದ ಡಾಕ್ಟರ್ ಕಾರ್ಲ್ ಕೊಲ್ಲರ್ ಕೊಕೇನ್ ಹನಿ ಹಾಕಿದರೆ ಕಣ್ಣು ಮರಗಟ್ಟುತ್ತದೆ ಎಂದು ತೋರಿಸಿದ್ದು 1884ರಲ್ಲಿ. ಗುಡ್ಡೆಯ ಸುತ್ತ ಔಷಧಿ ಬಿಡುವ ಈಗಿನ ಸೂಜಿಯ ವಿಧಾನ ಪ್ರಕಟವಾದದ್ದು 1986ರಲ್ಲಿ. ಅಂದರೆ ಹನಿಯೇ ಹಿರಿಯಣ್ಣ.

ಹಾಗಾದರೆ ಯಾರಿಗೆ ಯಾವುದು? ಮೊದಲು ನೋಡುವುದು ಮೋತಿಬಿಂದಿನ ಪೊರೆ ಎಷ್ಟು ಗಟ್ಟಿಯಾಗಿದೆ ಅಂತ. ಮೆತ್ತಗಿದ್ದರೆ ಫೇಕೋ ಮಾಡುತ್ತಾರೆ. ಮೂರು ಮಿಲಿಮೀಟರ್‌ಗಿಂತ ಕಡಿಮೆ ಸೀಳು, ಒಳಗೇ ಪೊರೆ ಪುಡಿ ಮಾಡಿ ಹೀರಿಕೊಳ್ಳುವುದು. ಇದಕ್ಕೆ ಹನಿ ಸಾಕಾಗುತ್ತದೆ. ಪೊರೆ ಕಂದು ಬಣ್ಣಕ್ಕೆ ತಿರುಗಿ ಕಲ್ಲಾಗಿದ್ದರೆ ಇಡಿಯಾಗಿ ಹೊರಗೆ ತೆಗೆಯುವ ಆಪರೇಷನ್ ಎಷ್ಟೋ ಸಲ ಸುರಕ್ಷಿತ. ಅದಕ್ಕೆ ಆರೇಳು ಮಿಲಿಮೀಟರ್ ಸೀಳು ಬೇಕು, ಕಣ್ಣನ್ನು ಜಾಸ್ತಿ ಹಿಡಿದು ಎಳೆಯಬೇಕು. ಅಲ್ಲಿ ಸಾಮಾನ್ಯವಾಗಿ ಸೂಜಿಯೇ. ನಮ್ಮ ಭಾಗದಲ್ಲಿ ತೊಗರಿ ರಾಶಿ ಆಗಲಿ, ಜಾತ್ರೆ ಮುಗಿಯಲಿ, ಬಿಸಿಲು ಇಳಿಯಲಿ ಅಂತ ಮುಂದೂಡುತ್ತಾ ಹೋಗುತ್ತೇವೆ ಅಲ್ವಾ? ಅಷ್ಟರಲ್ಲಿ ಪೊರೆ ಗಟ್ಟಿಯಾಗುತ್ತಾ ಹೋಗುತ್ತದೆ. ಸೂಜಿಗೆ ಹೆದರಿ ವರ್ಷಗಟ್ಟಲೆ ತಡ ಮಾಡಿದವರಿಗೇ ಕೊನೆಗೆ ಸೂಜಿ ಬರುತ್ತದೆ.

ಎರಡನೆಯದು ನನ್ನ ಪ್ರಕಾರ ಇನ್ನೂ ದೊಡ್ಡ ವಿಷಯ, ಆದರೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಹನಿಯಲ್ಲಿ ಆಪರೇಷನ್ ಅಂದರೆ ಪೇಶಂಟ್ ಕೂಡ ಕೆಲಸ ಮಾಡಬೇಕು. ಬೆಳಕು ನೋಡು ಅಂದರೆ ಬೆಳಕನ್ನೇ ನೋಡಬೇಕು, ಕೆಳಗೆ ಅಂದರೆ ಕೆಳಗೆ. ಕಿವಿ ಮಂದ ಇದ್ದವರಿಗೆ ಮುಖಕ್ಕೆ ಬಟ್ಟೆ ಹೊದಿಸಿದ ಮೇಲೆ ಏನೂ ಕೇಳುವುದಿಲ್ಲ. ಕಲಬುರಗಿಯ ಆಪರೇಷನ್ ಥಿಯೇಟರ್‌ಗೆ ಕನ್ನಡದವರು ಬರುತ್ತಾರೆ, ಉರ್ದು ಮಾತಾಡುವವರು ಬರುತ್ತಾರೆ, ಸೇಡಂ ಕಡೆಯಿಂದ ತೆಲುಗಿನವರು, ತಾಂಡಾಗಳಿಂದ ಲಂಬಾಣಿ ಮಾತಿನ ಮುದುಕಿಯರು. ಡಾಕ್ಟರ್ ಹೇಳಿದ್ದು ಅರ್ಥವಾಗದೆ ಗಾಬರಿಯಾದರೆ ಕಣ್ಣು ಗಿರಗಿರ ತಿರುಗುತ್ತದೆ. ಅಂಥವರಿಗೆ ಸೂಜಿಯೇ ನೆಮ್ಮದಿ. ಇಲ್ಲದಿದ್ದರೆ ‘ಮೇಲೆ, ಕೆಳಗೆ, ಅಲ್ಲಾಡಬೇಡ’ ಅನ್ನುವ ನಾಲ್ಕು ಮಾತನ್ನು ಅವರ ಭಾಷೆಯಲ್ಲೇ ಮೊದಲೇ ಅಭ್ಯಾಸ ಮಾಡಿಸಬೇಕು.

ಕೆಲವರಿಗೆ ಇದರ ಉಲ್ಟಾ. ದಪ್ಪ ಮೈನಸ್ ಕನ್ನಡಕದವರ ಕಣ್ಣುಗುಡ್ಡೆ ಉದ್ದ ಇರುತ್ತದೆ, ಸೂಜಿ ತಾಗುವ ಅಪಾಯ ಅಪರೂಪವಾದರೂ ಅವರಿಗೆ ಜಾಸ್ತಿ. ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೂ ಹನಿಯೇ ವಾಸಿ. ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ. ಸೂಜಿಗೂ ಹನಿಗೂ ನಡುವೆ ಇನ್ನೊಂದು ದಾರಿ ಇದೆ: ಮೊದಲು ಹನಿ ಹಾಕಿ, ಬಿಳಿಗುಡ್ಡೆಯ ಮೇಲಿನ ತೆಳು ಪದರ ಚೂರು ಬಿಡಿಸಿ, ಮೊಂಡು ತುದಿಯ ಕೊಳವೆಯಿಂದ ಔಷಧಿ ಬಿಡುವುದು. ಸಬ್‌ಟೆನಾನ್ ಅನ್ನುತ್ತಾರೆ. ಅಪ್ಪನ ಹಟ ಸೂಜಿಯ ಮೊನೆಯ ಮೇಲೆ ಇದ್ದರೆ ಇದನ್ನು ಕೇಳಿ ನೋಡಬಹುದು. ಪೂರ್ತಿ ಎಚ್ಚರ ತಪ್ಪಿಸುವುದು ಮಕ್ಕಳಿಗೆ, ಮತ್ತೆ ಹೇಗೂ ಸುಮ್ನೆ ಮಲಗಲು ಆಗದವರಿಗೆ ಮಾತ್ರ.

ನಮ್ಮ ಅವ್ವನಿಗೆ ಎರಡೂ ಆಗಿದೆ. ಮೊದಲ ಕಣ್ಣಿಗೆ ಸೂಜಿ, ವರ್ಷದ ನಂತರ ಎರಡನೆಯದಕ್ಕೆ ಹನಿ. ಎರಡನೆಯದೇ ಜಾಸ್ತಿ ನೋವಾಯಿತು ಅಂದಳು. ಹನಿಯ ತಪ್ಪು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಒಂದೇ ವಿಧಾನದಲ್ಲಿ ಎರಡೂ ಕಣ್ಣು ಮಾಡಿಸಿಕೊಂಡವರೂ ಎರಡನೆಯದರ ಬಗ್ಗೆ ಹೀಗೇ ಹೇಳುವುದುಂಟು. ಮೊದಲ ಸಲ ಭಯದಲ್ಲಿ ಏನೂ ಗೊತ್ತಾಗಿರುವುದಿಲ್ಲ. ಎರಡನೇ ಸಲ ಪ್ರತಿಯೊಂದನ್ನೂ ಗಮನಿಸುತ್ತಾರೆ.

ಡಾಕ್ಟರ್ ಹತ್ತಿರ ಹೋದಾಗ ‘ಹನಿನಾ ಸೂಜಿನಾ’ ಅಂತ ಮಾತ್ರ ಕೇಳಬೇಡಿ. ಅಪ್ಪನಿಗೆ ಬೀಡಿ ಕೆಮ್ಮು ಇದೆಯಾ, ಬೆನ್ನ ಮೇಲೆ ಚಪ್ಪಟೆಯಾಗಿ ಮಲಗಿದರೆ ದಮ್ಮು ಬರುತ್ತದಾ, ತಲೆ ನಡುಗುತ್ತದಾ, ಹಲ್ಲು ಕೀಳಿಸುವಾಗ ಕೊಟ್ಟ ಇಂಜೆಕ್ಷನ್ ಆಗಿಬಂದಿತ್ತಾ, ಎಲ್ಲ ಹೇಳಿ. ಮೂತ್ರ ಕಟ್ಟುವುದಕ್ಕೆ ಟ್ಯಾಮ್ಸುಲೋಸಿನ್ ಮಾತ್ರೆ ತಗೊಳ್ಳುತ್ತಿದ್ದರೆ ಚೀಟಿ ತೋರಿಸಲೇಬೇಕು. ಅದರಿಂದ ಪಾಪೆಯ ಸುತ್ತಿನ ಪದರ ಸಡಿಲವಾಗಿ ಆಪರೇಷನ್ ವೇಳೆ ಪಟಪಟಿಸುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಉಪವಾಸ ಬರಬೇಕಾ, ಊಟ ಮಾಡಿ ಬರಬೇಕಾ ಅಂತ ಕೇಳಿ ಬರೆದುಕೊಳ್ಳಿ.

ಮನೆಯಲ್ಲಿ ಒಂದು ತಾಲೀಮು ಮಾಡಿಸಿ. ದಿಂಬಿಲ್ಲದೆ ಮಲಗಿಸಿ, ಮುಖದ ಮೇಲೆ ತೆಳು ಟವೆಲ್ ಹಾಕಿ, ಇಪ್ಪತ್ತು ನಿಮಿಷ ಅಲ್ಲಾಡದೆ ಇರಲು ಹೇಳಿ. ಆಗುತ್ತದಾ ಇಲ್ಲವಾ ಅನ್ನುವುದು ಡಾಕ್ಟರ್‌ಗೆ ಬಹಳ ಉಪಯೋಗದ ಸುದ್ದಿ. ನಮ್ಮವ್ವ ಹತ್ತೇ ನಿಮಿಷಕ್ಕೆ ಗೊರಕೆ ಹೊಡೆದಳು. ಪಾಸಾದಳು ಅಂತ ಖುಷಿಯಿಂದ ಹೇಳಿದರೆ ಡಾಕ್ಟರ್ ತಲೆ ಅಲ್ಲಾಡಿಸಿದರು. ‘ನಿದ್ದೆ ಬೇಡಮ್ಮ, ಬೆಚ್ಚಿ ಎದ್ದರೆ ಕಣ್ಣು ಜಿಗಿಯುತ್ತದೆ’ ಅಂತ ಹೇಳಿ, ಆಪರೇಷನ್ ಮುಗಿಯುವ ತನಕ ಅವಳ ಕೈ ಹಿಡಿದು ಮಾತಾಡಿಸಲು ಒಬ್ಬ ನರ್ಸ್‌ನ್ನು ಕೂಡಿಸಿದರು.